ತಪ್ಪು ಕೈದಾ, ಗಿಟಾರ್‌ದಾ, ವೈರ್‌ದಾ? ತಾವಾಗೇ ಎಲೆಕ್ಟ್ರಿಕ್ ಗಿಟಾರ್ ಕಲೀತಿರೋರಿಗೆ

"ದಿನಾ ಕೂತು ಪ್ರಾಕ್ಟೀಸ್ ಮಾಡ್ತೀನಿ, ಆದ್ರೂ ಕ್ಲೀನಾಗಿ ಬರ್ತಿಲ್ಲ." "ಡಿಸ್ಟಾರ್ಷನ್ ಹಾಕಿದ ತಕ್ಷಣ ಬರೀ ಗದ್ದಲ." "ಗಿಟಾರ್ ಚೇಂಜ್ ಮಾಡ್ಲಾ, ಆಂಪ್ ಚೇಂಜ್ ಮಾಡ್ಲಾ?" ಕೇಳೋರು ಬೇರೆ ಬೇರೆ, ಪ್ರಶ್ನೆ ಮಾತ್ರ ಸುತ್ತಿ ಸುತ್ತಿ ಇದೇ ಮೂರು. (ಡಿಸ್ಟಾರ್ಷನ್ ಅಂದ್ರೆ ರಾಕ್ ಹಾಡಲ್ಲಿ ಕೇಳೋ ಒಡೆದ ಗಡಸು ದನಿ, ಆಂಪ್ ಅಂದ್ರೆ ಗಿಟಾರ್ ದನಿ ದೊಡ್ಡದು ಮಾಡೋ ಪೆಟ್ಟಿಗೆ.) ಪ್ರತಿಯೊಬ್ಬರಿಗೂ ಬಿಡಿಬಿಡಿಯಾಗಿ ಟೈಪ್ ಮಾಡೋ ಬದ್ಲು ಎಲ್ಲಾ ಒಂದೇ ಕಡೆ ಬರೆದಿಡ್ತಿದೀನಿ.

ಮೇಷ್ಟ್ರ ಹತ್ರ ಹೋಗಿ ಕಲಿಯೋರಿಗೆ ಒಂದು ಲಾಭ ಇದೆ, ಅದನ್ನ ಯಾರೂ ಲೆಕ್ಕಕ್ಕೆ ತಗೊಳಲ್ಲ. ಮೇಷ್ಟ್ರು ನಿಮ್ಮ ಗಿಟಾರ್ ಇಸ್ಕೊಂಡು ಎರಡು ಸ್ವರ ನುಡಿಸಿ ನೋಡಿ "ತಂತಿ ಇಷ್ಟೆತ್ತರ ಇದ್ರೆ ಯಾರಿಗೆ ಬರುತ್ತಪ್ಪ, ನಿಂದೇನೂ ತಪ್ಪಿಲ್ಲ" ಅಂತಾರೆ, ಇಲ್ಲಾ "ಗಿಟಾರ್ ಸರಿಯಾಗೇ ಇದೆ, ನಿನ್ ಹೆಬ್ಬೆರಳು ನೋಡ್ಕೋ" ಅಂತಾರೆ. ಯೂಟ್ಯೂಬ್ ನೋಡಿ ಕಲಿಯೋರಿಗೆ ಇದನ್ನ ಹೇಳೋರು ಯಾರೂ ಇಲ್ಲ. ಹಾಗಾಗಿ ಗಿಟಾರ್ ತಪ್ಪಿಗೆ ಕೈನ ಬೈಕೊಂಡು ತಿಂಗಳುಗಟ್ಟಲೆ ಒದ್ದಾಡ್ತಾರೆ, ಅಥವಾ ಕೈ ತಪ್ಪಿಗೆ ಹೊಸ ಪೆಡಲ್ (ಕಾಲಲ್ಲಿ ಒತ್ತಿ ದನಿ ಬದಲಾಯಿಸೋ ಡಬ್ಬಿ) ತಗೊಂಡು ದುಡ್ಡು ಕಳ್ಕೊತಾರೆ.

ಅದಕ್ಕೇ ಇಲ್ಲಿರೋ ಕ್ರಮ ಹೀಗೆ: ಮೊದ್ಲು ಗಿಟಾರ್, ಆಮೇಲೆ ವೈರು-ಕರೆಂಟು-ಸೌಂಡು, ಕೊನೆಗೆ ಕೈ. ಗಿಟಾರ್ ಸರಿ ಇಲ್ದೇ ಇದ್ರೆ ಕೈ ಎಷ್ಟು ಸರಿ ಇದೆ ಅಂತ ಗೊತ್ತೇ ಆಗಲ್ಲ, ಆದ್ರಿಂದ ಹಂತ ಹಾರಿಸ್ಬೇಡಿ. ಗಿಟಾರ್ ಬಾರಿಸೋ ಫ್ರೆಂಡ್ ಇದ್ರೆ ಇವತ್ತೇ ಕರ್ದು ನಿಮ್ಮ ಗಿಟಾರ್ ಕೈಗೆ ಕೊಡಿ. ಅವರ ಕೈಯಲ್ಲೂ ಅದೇ ಜಾಗದಲ್ಲಿ ಅದೇ ತೊಂದರೆ ಬಂದ್ರೆ ಅರ್ಧ ಉತ್ತರ ಅಲ್ಲೇ ಸಿಕ್ತು.

ಏನೇನು ಬೇಕು

ಹೊಸ ತಂತಿ ಒಂದು ಸೆಟ್, ಫೋನಲ್ಲಿ ಟ್ಯೂನರ್ ಮತ್ತೆ ಮೆಟ್ರೋನೋಮ್ ಆ್ಯಪ್ (ಟಿಕ್ ಟಿಕ್ ಅಂತ ತಾಳ ಹಿಡಿಯೋದು), ಸ್ಟಾರ್ ಸ್ಕ್ರೂಡ್ರೈವರ್, ಗಿಟಾರ್ ಜೊತೆ ಬಂದ ಆಲನ್ ಕೀಗಳು, ಅರ್ಧ ಮಿಲಿಮೀಟರ್ ಗೆರೆ ಇರೋ ಸ್ಟೀಲ್ ಸ್ಕೇಲು, ಒಂದು ಕ್ಯಾಪೋ (ನೆಕ್ ಮೇಲೆ ತಂತಿಗಳನ್ನ ಒತ್ತಿ ಹಿಡಿಯೋ ಕ್ಲಿಪ್), ಒಂದು ಫೀಲರ್ ಗೇಜ್. ಫೀಲರ್ ಗೇಜ್ ಅಂದ್ರೆ ಬೇರೆ ಬೇರೆ ದಪ್ಪದ ತೆಳು ಸ್ಟೀಲ್ ಪಟ್ಟಿಗಳು, ಬೈಕ್ ಮೆಕ್ಯಾನಿಕ್‌ಗಳು ಟ್ಯಾಪೆಟ್ ಸೆಟ್ ಮಾಡೋಕೆ ಇಟ್ಕೊಂಡಿರ್ತಾರಲ್ಲ, ಅದೇ. ಆಟೊಮೊಬೈಲ್ ಸ್ಪೇರ್ಸ್ ಅಂಗಡೀಲಿ ಕೇಳಿ, ಗಿಟಾರ್ ಟೂಲ್ ಅಂತ ಹೆಸರು ಹಾಕಿ ಮಾರೋ ಕಡೆ ಕೇಳ್ಬೇಡಿ, ಪಟ್ಟಿ ಅದೇ, ರೇಟ್ ಬೇರೆ. ಕಾಂಟ್ಯಾಕ್ಟ್ ಕ್ಲೀನರ್ ಸ್ಪ್ರೇ, ಸೋಲ್ಡರಿಂಗ್ ಐರನ್, ಜ್ಯಾಕ್ ಇಂಥವು ಬೆಂಗಳೂರಲ್ಲಿರೋರಿಗೆ ಎಸ್.ಪಿ. ರೋಡಲ್ಲಿ ಸಿಗುತ್ತೆ, ಬೇರೆ ಊರಲ್ಲಿ ರೇಡಿಯೋ-ಟಿವಿ ರಿಪೇರಿಯವರಿಗೆ ಸ್ಪೇರ್ ಮಾರೋ ಅಂಗಡೀಲಿ ವಿಚಾರಿಸಿ.

1. ತಂತಿ ಮತ್ತು ಶ್ರುತಿ

ತಂತಿ ಕೈಗೆ ಒರಟಾಗಿದೆಯಾ, ಕಪ್ಪಾಗಿದೆಯಾ? ಮುಂದಿನದೇನೂ ಓದ್ಬೇಡಿ, ಮೊದ್ಲು ಬದಲಾಯಿಸಿ. ಸತ್ತ ತಂತಿ ಶ್ರುತೀಲಿ ನಿಲ್ಲಲ್ಲ, ಅದನ್ನ ಇಟ್ಕೊಂಡು ಮಾಡಿದ ಯಾವ ಅಡ್ಜಸ್ಟ್‌ಮೆಂಟೂ ನಂಬೋ ಹಾಗಿಲ್ಲ. ಮಂಗಳೂರು, ಉಡುಪಿ, ಕಾರವಾರ ಕಡೆಯವರಿಗೆ ಮಳೆಗಾಲದಲ್ಲಿ ತುಕ್ಕು ಬೇಗ ಹಿಡಿಯುತ್ತೆ, ಬಾರಿಸಿದ ಮೇಲೆ ಒಣ ಹತ್ತಿ ಬಟ್ಟೇಲಿ ತಂತಿ ಮೇಲ್ಗಡೆ ಕೆಳಗಡೆ ಎರಡೂ ಒರೆಸೋದು ರೂಢಿ ಮಾಡ್ಕೊಳಿ.

ಅಂಗಡೀಲಿ "ನೈನ್ಸ್ ಬೇಕಾ ಟೆನ್ಸ್ ಬೇಕಾ" ಅಂತಾರೆ. ನೈನ್ಸ್ ಅಂದ್ರೆ ಅತಿ ತೆಳ್ಳಗಿರೋ 1ನೇ ತಂತಿ 0.009 ಇಂಚು, ದಪ್ಪದ 6ನೇದು 0.042. ಟೆನ್ಸ್ ಅಂದ್ರೆ 0.010ರಿಂದ 0.046. ಸ್ಟ್ರಾಟೋಕಾಸ್ಟರ್ ಥರದ ಗಿಟಾರ್‌ಗಳ ಸ್ಕೇಲ್, ಅಂದ್ರೆ ನೆಕ್ ತುದಿಯ ನಟ್‌ನಿಂದ ಬಾಡಿ ಮೇಲಿನ ಬ್ರಿಡ್ಜ್‌ವರೆಗಿನ ತಂತಿ ಉದ್ದ, 25.5 ಇಂಚು. ಲೆಸ್ ಪಾಲ್ ಥರದವು 24.75. ಉದ್ದ ಜಾಸ್ತಿ ಇದ್ದಷ್ಟೂ ಅದೇ ತಂತಿ ಹೆಚ್ಚು ಬಿಗಿ. ಅದಕ್ಕೇ ಸ್ಟ್ರಾಟ್ ಥರದ್ದಕ್ಕೆ ನೈನ್ಸ್, ಲೆಸ್ ಪಾಲ್ ಥರದ್ದಕ್ಕೆ ಟೆನ್ಸ್ ಹಾಕಿ ಶುರು ಮಾಡಿ. ದಪ್ಪ ತಂತಿ ಹಾಕಿದ್ರೇನೇ ಗಂಡಸ್ತನ ಅನ್ನೋ ಮಾತುಗಳು ಓಡಾಡ್ತಿರುತ್ತೆ, ಕಿವಿಗೆ ಹಾಕ್ಕೋಬೇಡಿ.

ಹೊಸ ತಂತಿ ಹಾಕಿದ್ಮೇಲೂ ಶ್ರುತಿ ನಿಲ್ತಿಲ್ಲ ಅಂದ್ರೆ ಸಾಮಾನ್ಯವಾಗಿ ಕಾರಣ ಇವೇ:

ತಂತಿ ಎಳೆದಿಲ್ಲ. ಹಾಕಿದ ಮೇಲೆ ಒಂದೊಂದೇ ತಂತೀನ 12ನೇ ಫ್ರೆಟ್ (ನೆಕ್ ಮೇಲೆ ಅಡ್ಡಕ್ಕಿರೋ ಲೋಹದ ಗೆರೆ) ಹತ್ರ ಬೆರಳಲ್ಲಿ ಮೆಲ್ಲಗೆ ಮೇಲಕ್ಕೆಳೆದು ಮತ್ತೆ ಶ್ರುತಿ ಮಾಡಿ, ಇಳಿಯೋದು ನಿಲ್ಲೋವರೆಗೂ. ಟ್ಯೂನ್ ಮಾಡೋ ಕೀಲಿಗೆ ಸುತ್ತಿರೋದು ಎರಡು-ಮೂರು ಸುತ್ತು ಇದ್ರೆ ಸಾಕು, ಒಂದರ ಮೇಲೊಂದು ಹತ್ತಿರಬಾರದು, ಕೆಳಕ್ಕಿಳೀತಾ ಹೋಗ್ಬೇಕು.

ನಟ್‌ನಲ್ಲಿ ಸಿಕ್ಕಿಹಾಕ್ಕೊಳ್ತಿದೆ. ನಟ್ ಅಂದ್ರೆ ನೆಕ್ಕಿನ ತುದೀಲಿ ತಂತಿಗಳು ಕೂರೋ ಸಣ್ಣ ಪಟ್ಟಿ. ಟ್ಯೂನ್ ಮಾಡೋವಾಗ "ಟಿಣ್" ಅಂತ ಸದ್ದಾಗಿ ಟ್ಯೂನರ್ ಮುಳ್ಳು ಒಮ್ಮೆಲೇ ಹಾರುತ್ತಾ? ಅದು ಅಲ್ಲೇ. ತಂತಿ ಸ್ವಲ್ಪ ಎತ್ತಿ, ಅದು ಕೂರೋ ಕೊರಕಲಲ್ಲಿ ಮೊನೆಯಾದ ಪೆನ್ಸಿಲ್ ತಿಕ್ಕಿ, ಪೆನ್ಸಿಲ್ ಪುಡಿ ಜಾರಿಕೆ ಕೊಡುತ್ತೆ. ಜೊತೆಗೆ ಯಾವಾಗ್ಲೂ ಕೆಳಗಿಂದ ಮೇಲಕ್ಕೆ ಬಂದು ಶ್ರುತಿ ಸೇರಿಸಿ. ಮೇಲಿದ್ರೆ ಒಮ್ಮೆ ಕೆಳಗಿಳಿಸಿ ಮತ್ತೆ ಏರಿಸಿ.

ತೇಲೋ ಬ್ರಿಡ್ಜ್. ಹ್ಯಾಂಡಲ್ ಇರೋ ಬ್ರಿಡ್ಜ್ ಬಹಳ ಗಿಟಾರ್‌ಗಳಲ್ಲಿ ಬಾಡಿಗೆ ಒರಗಿರಲ್ಲ, ಮುಂದ್ಗಡೆ ತಂತಿ ಎಳೆತ ಹಿಂದ್ಗಡೆ ಸ್ಪ್ರಿಂಗ್ ಎಳೆತ ಎರಡರ ಮಧ್ಯ ನಿಂತಿರುತ್ತೆ. ಒಂದು ತಂತಿ ಏರಿಸಿದ್ರೆ ಬ್ರಿಡ್ಜ್ ಚೂರು ಮುಂದಕ್ಕೆ ಬಾಗಿ ಉಳಿದ ಐದೂ ಇಳಿಯುತ್ತೆ, ಅವನ್ನ ಏರಿಸಿದ್ರೆ ಮೊದಲನೇದು ಇಳಿಯುತ್ತೆ, ಹೊಸಬರು ಗಿಟಾರೇ ಹಾಳಾಗಿದೆ ಅಂದ್ಕೋತಾರೆ. ಎರಡು-ಮೂರು ರೌಂಡ್ ಎಲ್ಲಾ ತಂತಿ ಟ್ಯೂನ್ ಮಾಡಿದ್ರೆ ಸಮಕ್ಕೆ ಬರುತ್ತೆ. ನೈನ್ಸ್‌ನಿಂದ ಟೆನ್ಸ್‌ಗೆ ಹೋದ್ರೆ ಬ್ರಿಡ್ಜ್ ಹಿಂಭಾಗ ಎದ್ದು ನಿಲ್ಲುತ್ತೆ, ಆಗ ಹಿಂದಿನ ಪ್ಲಾಸ್ಟಿಕ್ ಮುಚ್ಚಳ ತೆಗೆದು ಸ್ಪ್ರಿಂಗ್ ಹಿಡಿದಿರೋ ಎರಡು ದೊಡ್ಡ ಸ್ಕ್ರೂ ಸ್ವಲ್ಪ ಬಿಗಿ ಮಾಡ್ಬೇಕು. ಹ್ಯಾಂಡಲ್ ಬಳಸೋದೇ ಇಲ್ಲ ಅನ್ನೋರು ಸ್ಪ್ರಿಂಗ್ ಗೂಡಲ್ಲಿ ಲೋಹದ ಬ್ಲಾಕ್‌ಗೂ ಮರಕ್ಕೂ ನಡುವೆ ಅಳತೆಯ ಮರದ ತುಂಡು ಸಿಗಿಸ್ಬಿಡಿ, ಗೋಳು ಮುಗೀತು. ಇಂಥ ಬ್ರಿಡ್ಜ್ ಇರೋರು ತಂತಿ ಬದಲಾಯಿಸುವಾಗ ಆರೂ ಒಟ್ಟಿಗೆ ಬಿಚ್ಬೇಡಿ, ಒಂದೊಂದೇ ಮಾಡಿ.

2. ನೆಕ್ ಬಾಗು, ತಂತಿ ಎತ್ತರ, ಬಝ್

ಈ ಹಂತದಲ್ಲೇ ಜನ ಹೆಚ್ಚು ಎಡವೋದು, ಯಾಕಂದ್ರೆ ಕ್ರಮ ತಪ್ಪಿಸ್ತಾರೆ. ಮೊದ್ಲು ನೆಕ್, ಆಮೇಲೆ ಬ್ರಿಡ್ಜ್ ಎತ್ತರ, ಆಮೇಲೆ ಇಂಟೊನೇಷನ್. ಉಲ್ಟಾ ಮಾಡಿದ್ರೆ ಮೂರನ್ನೂ ಮತ್ತೆ ಮಾಡ್ಬೇಕಾಗುತ್ತೆ.

ನೆಕ್ ಪೂರ್ತಿ ನೇರ ಇರಬಾರದು, ಕೂದಲೆಳೆಯಷ್ಟು ಒಳಬಾಗು ಬೇಕು, ಇದಕ್ಕೆ ರಿಲೀಫ್ ಅಂತಾರೆ. ನೋಡೋದು ಹೀಗೆ: ಶ್ರುತೀಲಿರೋ ಗಿಟಾರ್‌ನ ಬಾರಿಸೋ ಭಂಗೀಲೇ ಹಿಡ್ಕೊಳಿ, ಟೇಬಲ್ ಮೇಲೆ ಮಲಗಿಸ್ಬೇಡಿ. 1ನೇ ಫ್ರೆಟ್‌ಗೆ ಕ್ಯಾಪೋ ಹಾಕಿ, 6ನೇ ತಂತೀನ ಕಡೇ ಫ್ರೆಟ್‌ನಲ್ಲಿ ಒತ್ತಿ, ಈಗ ತಂತೀನೇ ನೇರ ಸ್ಕೇಲು. 8ನೇ ಫ್ರೆಟ್ ನೆತ್ತಿಗೂ ತಂತಿಗೂ ಮಧ್ಯ ಫೀಲರ್ ಗೇಜಿನ 0.25 ಮಿ.ಮೀ. ಪಟ್ಟಿ ತಂತೀನ ಅಲ್ಲಾಡಿಸದೆ ಸವರ್ಕೊಂಡು ಹೋದ್ರೆ ಸರಿ. ಸಂದೇ ಇಲ್ಲ ಅಂದ್ರೆ ನೆಕ್ ತೀರಾ ನೇರ, ಅರ್ಧ ಮಿಲಿಮೀಟರ್ ಇದ್ರೆ ಬಾಗು ಜಾಸ್ತಿ.

ಸರಿ ಮಾಡೋದು ಟ್ರಸ್ ರಾಡ್‌ನಿಂದ, ಅಂದ್ರೆ ನೆಕ್ ಒಳಗೆ ಉದ್ದಕ್ಕೂ ಇರೋ ಕಬ್ಬಿಣದ ಸರಳು. ಅದರ ತುದಿ ಹೆಡ್‌ಸ್ಟಾಕ್ (ಟ್ಯೂನ್ ಕೀಲಿಗಳಿರೋ ತಲೆ) ಕಡೆ ಅಥವಾ ಬಾಡಿ ಕಡೆ ಕಾಣುತ್ತೆ. ಆ ತುದಿ ನಿಮ್ಮ ಕಡೆ ಇರೋ ಹಾಗೆ ನೋಡ್ಕೊಂಡು ಗಡಿಯಾರದ ದಿಕ್ಕಿಗೆ ತಿರುಗಿಸಿದ್ರೆ ನೆಕ್ ನೇರ ಆಗುತ್ತೆ, ವಿರುದ್ಧ ತಿರುಗಿಸಿದ್ರೆ ಬಾಗು ಹೆಚ್ಚುತ್ತೆ.

ಎಚ್ಚರಿಕೆ: ಒಂದು ಸಲಕ್ಕೆ ಕಾಲು ಸುತ್ತು, ಅದಕ್ಕಿಂತ ಜಾಸ್ತಿ ಬೇಡ. ಮತ್ತೆ ಶ್ರುತಿ ಮಾಡಿ ಅಳೆದು ನೋಡಿ ಆಮೇಲೆ ಮುಂದಕ್ಕೆ. ಬಿಗಿಯಾಗಿ ಕೂತಿದೆ ಅಂದ್ರೆ ಜೋರು ಮಾಡ್ಬೇಡಿ, ರಾಡ್ ಮುರಿದ್ರೆ ನೆಕ್ಕೇ ಹೋಯ್ತು. ಅಳತೆ ಸರಿಯಾಗಿಲ್ಲದ ಕೀ ಹಾಕಿ ಒಳಗಿನ ಅಂಚು ಸವೆಸಿದ್ರೂ ಅದೇ ಕಥೆ, ಇಂಚಿನ ಕೀ ಬೇಕಾದ ಕಡೆ ಮಿಲಿಮೀಟರ್ ಕೀ ಹಾಕಿದ್ರೆ ಹೀಗಾಗುತ್ತೆ.

ಇನ್ನು ತಂತಿ ಎತ್ತರ, ಆ್ಯಕ್ಷನ್ ಅಂತಾರೆ. ಏನೂ ಒತ್ತದೆ 12ನೇ ಫ್ರೆಟ್ ನೆತ್ತಿಯಿಂದ ತಂತಿ ತಳಕ್ಕೆ ಅಳೀರಿ. 6ನೇ ತಂತಿ 2 ಮಿ.ಮೀ., 1ನೇ ತಂತಿ 1.6 ಮಿ.ಮೀ. ಆಸುಪಾಸು ಇದ್ರೆ ಕಲಿಯೋರಿಗೆ ಆರಾಮು. ಅಂಗಡಿಯಿಂದ ಹೊಸದಾಗಿ ಬಂದ ಕಡಿಮೆ ಬೆಲೆ ಗಿಟಾರಲ್ಲಿ 3 ಮಿ.ಮೀ. ಇದ್ರೂ ಆಶ್ಚರ್ಯ ಇಲ್ಲ, ಅದನ್ನ ಇಟ್ಕೊಂಡು ಬೆರಳು ನೋವು ಬೆರಳು ನೋವು ಅಂತಿರ್ತೀರಿ. ಬ್ರಿಡ್ಜ್‌ನಲ್ಲಿ ಒಂದೊಂದು ತಂತಿ ಕೂರೋ ಪುಟ್ಟ ತುಂಡಿಗೆ ಸ್ಯಾಡಲ್ ಅಂತಾರೆ, ಸ್ಟ್ರಾಟ್ ಥರದ್ದರಲ್ಲಿ ಅದರ ಎರಡು ಸಣ್ಣ ಸ್ಕ್ರೂನ ಆಲನ್ ಕೀಲಿ ತಿರುಗಿಸಿ ಇಳಿಸಿ. ಫ್ರೆಟ್‌ಬೋರ್ಡ್ ಉಬ್ಬಿಗೆ ತಕ್ಕಂತೆ ಮಧ್ಯದ ತಂತಿಗಳು ಸ್ವಲ್ಪ ಮೇಲೇ ಇರ್ಬೇಕು, ಎಲ್ಲಾ ಒಂದೇ ಮಟ್ಟಕ್ಕೆ ತರ್ಬೇಡಿ.

ಈಗ ಬಝ್, ಅಂದ್ರೆ ತಂತಿ ಫ್ರೆಟ್‌ಗೆ ತಾಗಿ ಬರೋ ಜಿರ್ ಅನ್ನೋ ಸದ್ದು. ಎಲ್ಲಿ ಬರುತ್ತೆ ಅನ್ನೋದೇ ಕಾರಣ ಹೇಳುತ್ತೆ. 1ರಿಂದ 5ನೇ ಫ್ರೆಟ್‌ವರೆಗೆ ಬರ್ತಿದ್ರೆ ನೆಕ್ ತೀರಾ ನೇರ ಆಗಿದೆ. 12ರ ಆಚೆ ಬರ್ತಿದ್ರೆ ಸ್ಯಾಡಲ್ ತೀರಾ ಇಳಿದಿದೆ. ಬಿಟ್ಟ ತಂತೀಲಿ ಮಾತ್ರ ಬಂದು ಒತ್ತಿದ್ರೆ ಹೋಗುತ್ತೆ ಅಂದ್ರೆ ನಟ್‌ನ ಕೊರಕಲು ಆಳ ಆಗಿದೆ. ಒಂದೇ ಒಂದು ಫ್ರೆಟ್‌ನಲ್ಲಿ ಮಾತ್ರ ಬರ್ತಿದ್ರೆ ಅದರ ಮುಂದಿನ ಫ್ರೆಟ್ ಎದ್ದಿರಬಹುದು, ಅದು ರಿಪೇರಿಯವರ ಕೆಲಸ. ಇನ್ನೊಂದು, ಆಂಪ್ ಆಫ್ ಇದ್ದಾಗ ಮಾತ್ರ ಕೇಳಿಸಿ ಆಂಪಲ್ಲಿ ಕೇಳಿಸದೇ ಇರೋ ಬಝ್ ಬಗ್ಗೆ ತಲೆ ಕೆಡಿಸ್ಕೊಬೇಡಿ. ತಂತಿ ಕೆಳಗಿದ್ದಷ್ಟೂ ಸ್ವಲ್ಪ ಇದ್ದೇ ಇರುತ್ತೆ.

ನೆಕ್ ಮರ ಅಲ್ವಾ, ಮಳೆಗಾಲಕ್ಕೊಂದು ಥರ ಬೇಸಿಗೆಗೊಂದು ಥರ ಇರುತ್ತೆ. ಕಲಬುರಗಿ, ರಾಯಚೂರಿನ ಒಣ ಬೇಸಿಗೇಲಿ ಮರ ಕುಗ್ಗಿ ಫ್ರೆಟ್‌ಗಳ ತುದಿ ನೆಕ್ ಪಕ್ಕದಲ್ಲಿ ಕೈಗೆ ಚುಚ್ಚೋದೂ ಉಂಟು. ಸೀಸನ್ ಬದಲಾದಾಗ ಒಮ್ಮೆ ಅಳೆದು ನೋಡಿ.

3. ಬಾರ್ ಕಾರ್ಡ್ ಬರ್ತಿಲ್ಲ ಅನ್ನೋರು ಮೊದ್ಲು ನಟ್ ನೋಡಿ

ಎಫ್ ಕಾರ್ಡ್ (ಕಾರ್ಡ್ ಅಂದ್ರೆ ಹಲವು ಸ್ವರ ಒಟ್ಟಿಗೆ ನುಡಿಸೋದು) ಹಿಡಿಯೋಕಾಗದೆ ಗಿಟಾರೇ ಬಿಟ್ಟೋರು ಎಷ್ಟೋ ಜನ. ತೋರುಬೆರಳು ಅಡ್ಡ ಮಲಗಿಸಿ ಎಲ್ಲಾ ತಂತಿ ಒತ್ತೋ ಕಾರ್ಡ್‌ಗೆ ಬಾರ್ ಕಾರ್ಡ್ ಅಂತಾರೆ, ಎಫ್ ಬರೋದು 1ನೇ ಫ್ರೆಟ್‌ನಲ್ಲಿ, ನಟ್ ಪಕ್ಕದಲ್ಲೇ. ನಟ್ ಎತ್ತರ ಇದ್ರೆ ಅಲ್ಲಿ ಒತ್ತೋಕೆ ಎಷ್ಟು ಬಲ ಹಾಕಿದ್ರೂ ಸಾಲಲ್ಲ.

ಪರೀಕ್ಷೆ ಒಂದು ನಿಮಿಷದ್ದು. 6ನೇ ತಂತೀನ 2 ಮತ್ತು 3ನೇ ಫ್ರೆಟ್ ನಡುವೆ ಒತ್ತಿ ಹಿಡೀರಿ. ಈಗ 1ನೇ ಫ್ರೆಟ್ ಮೇಲಿಂದ ತಂತಿ ಹೇಗಿದೆ ಕಣ್ಣು ಹತ್ರ ತಂದು ನೋಡಿ, ಬೆರಳಿಂದ ಮೆಲ್ಲಗೆ ತಟ್ಟಿ. ಕಾಗದದಷ್ಟು ಸಂದು ಇದ್ದು "ಟಿಕ್" ಅಂತ ಸಣ್ಣ ಸದ್ದು ಬರ್ಬೇಕು. ಸಂದಿನಲ್ಲಿ ಎಟಿಎಂ ಕಾರ್ಡ್ ತೂರುತ್ತೆ ಅನ್ನೋಷ್ಟಿದ್ರೆ ನಟ್ ಎತ್ತರ ಜಾಸ್ತಿ. ಸದ್ದೇ ಬರದೆ ತಂತಿ ಫ್ರೆಟ್ ಮೇಲೆ ಕೂತಿದ್ರೆ ಕೊರಕಲು ಜಾಸ್ತಿ ಆಳ ಹೋಗಿದೆ. ಆರೂ ತಂತಿಗೆ ಹೀಗೇ ಮಾಡಿ.

ಇನ್ನೊಂದು ಸುಳಿವು: ಅದೇ ಎಫ್ ಕಾರ್ಡ್ ಆಕಾರನ 5ನೇ ಫ್ರೆಟ್‌ನಲ್ಲಿ ಹಿಡೀರಿ. ಅಲ್ಲಿ ಆರಾಮಾಗಿ ಬಂದು 1ರಲ್ಲಿ ಮಾತ್ರ ಬರ್ತಿಲ್ಲ ಅಂದ್ರೆ ಅನುಮಾನ ನಟ್ ಮೇಲೆ. ಎರಡೂ ಕಡೆ ಬರ್ತಿಲ್ಲ ಅಂದ್ರೆ ಕೈ. ಕೈ ಆದ್ರೆ ತೋರುಬೆರಳನ್ನ ಚಪ್ಪಟೆ ಒತ್ತದೆ ಹೆಬ್ಬೆರಳ ಕಡೆಗಿನ ಗಟ್ಟಿ ಪಕ್ಕಕ್ಕೆ ಸ್ವಲ್ಪ ಹೊರಳಿಸಿ, ಫ್ರೆಟ್ ಪಕ್ಕಕ್ಕೇ ಸರಿಸಿ, ಬರೀ ಹೆಬ್ಬೆರಳಲ್ಲಿ ಹಿಂಡೋ ಬದ್ಲು ತೋಳಿಂದ ಗಿಟಾರನ್ನ ಹಿಂದಕ್ಕೆ ಎಳೆದ ಹಾಗೆ ಮಾಡಿ.

ನಟ್ ಕೊರೆಯೋಕೆ ಮನೇಲಿರೋ ಅರ, ಹ್ಯಾಕ್ಸಾ ಬ್ಲೇಡ್ ತಗೊಂಡು ಕೂರ್ಬೇಡಿ. ಪ್ರತಿ ತಂತಿ ದಪ್ಪಕ್ಕೆ ಬೇರೆ ಅರ ಬೇಕು, ಚೂರು ಹೆಚ್ಚಾದ್ರೂ ನಟ್ಟೇ ಬದಲಾಯಿಸ್ಬೇಕು. ಇದು ದುಡ್ಡು ಕೊಟ್ಟು ಮಾಡಿಸೋ ಕೆಲಸ, ಆದ್ರೆ ಹೊಸ ಗಿಟಾರ್ ಬೆಲೆ ಮುಂದೆ ಅದೇನೂ ಅಲ್ಲ.

4. ಇಂಟೊನೇಷನ್

ಬಿಟ್ಟ ತಂತಿ ಶ್ರುತೀಲಿದೆ, ಮೇಲಿನ ಫ್ರೆಟ್‌ಗೆ ಹೋದ್ರೆ ಅಪಸ್ವರ – ಇದು ಇಂಟೊನೇಷನ್ ತೊಂದರೆ. ತಂತಿ ಬಿಟ್ಟು ಟ್ಯೂನ್ ಮಾಡಿ, ಆಮೇಲೆ 12ನೇ ಫ್ರೆಟ್ ಒತ್ತಿ ಅದೇ ಸ್ವರ ಒಂದು ಸ್ಥಾಯಿ ಮೇಲೆ ಸರಿಯಾಗಿ ಬರುತ್ತಾ ಟ್ಯೂನರಲ್ಲಿ ನೋಡಿ. ಏರಿದ್ರೆ ಸ್ಯಾಡಲ್‌ನ ನೆಕ್‌ನಿಂದ ದೂರಕ್ಕೆ, ಇಳಿದಿದ್ರೆ ನೆಕ್ ಕಡೆಗೆ ಸರಿಸಿ. ಪ್ರತಿ ಸಲ ಸರಿಸಿದ ಮೇಲೂ ಬಿಟ್ಟ ತಂತಿ ಮತ್ತೆ ಟ್ಯೂನ್ ಮಾಡೋದು ಮರೀಬೇಡಿ. ಗಟ್ಟಿಯಾಗಿ ಒತ್ತಿದ್ರೂ ಸ್ವರ ಏರುತ್ತೆ, ಹಗುರವಾಗಿ ಒತ್ತಿ ನೋಡಿ. ಪಿಕಪ್, ಅಂದ್ರೆ ತಂತಿ ಕೆಳಗಿರೋ ಅಯಸ್ಕಾಂತದ ಸುರುಳಿ, ತೀರಾ ಹತ್ರ ಇದ್ರೆ ತಂತೀನ ಎಳೆದು ದಪ್ಪ ತಂತೀಲಿ ವಿಚಿತ್ರ ಅಲುಗಾಟ ಬರುತ್ತೆ. ಕಡೇ ಫ್ರೆಟ್ ಒತ್ತಿದಾಗ 2 ಮಿ.ಮೀ. ಆಸುಪಾಸು ದೂರ ಇರ್ಲಿ.

5. ಗುಂಯ್ ಸದ್ದು, ಕರಕರ, ಕರೆಂಟು

ಮೊದ್ಲು ಜೀವದ ವಿಷಯ. ಆಂಪ್ ಆನ್ ಇದ್ದಾಗ ತಂತಿ ಮುಟ್ಟಿದ್ರೆ ಕೈ ಜುಮ್ ಅನ್ನುತ್ತಾ? ತಕ್ಷಣ ಆಫ್ ಮಾಡಿ, ಅರ್ಥಿಂಗ್ ಚೆಕ್ ಆಗೋವರೆಗೂ ಮುಟ್ಬೇಡಿ. ಎಲೆಕ್ಟ್ರಿಕ್ ಗಿಟಾರ್ ತಂತಿಗಳು ಬ್ರಿಡ್ಜ್ ಮೂಲಕ ಆಂಪಿನ ಅರ್ಥ್‌ಗೇ ಸೇರಿರುತ್ತೆ, ಅಲ್ಲಿ ದೋಷ ಇದ್ರೆ ನೀವೇ ದಾರಿ ಆಗ್ತೀರ. ಸ್ಟೋನ್ ದ ಕ್ರೋಸ್ ಬ್ಯಾಂಡಿನ ಗಿಟಾರಿಸ್ಟ್ ಲೆಸ್ ಹಾರ್ವೆ 1972ರಲ್ಲಿ ವೇಲ್ಸ್‌ನ ಸ್ವಾನ್ಸೀಲಿ ಸ್ಟೇಜ್ ಮೇಲೆ ಅರ್ಥಿಂಗ್ ಇಲ್ಲದ ಮೈಕ್ ಮುಟ್ಟಿ ತೀರ್ಕೊಂಡ. ನಮ್ಮಲ್ಲಿ ಎಷ್ಟೋ ಹಳೇ ಮನೆಗಳಲ್ಲಿ ಸಾಕೆಟ್‌ಗೆ ಮೂರು ತೂತು ಇರುತ್ತೆ, ಮೇಲಿನ ದೊಡ್ಡ ತೂತಿಗೆ ಹಿಂದ್ಗಡೆ ವೈರೇ ಇರಲ್ಲ, ಎಲೆಕ್ಟ್ರಿಷಿಯನ್ ಕರೆಸಿ ನೋಡಿಸಿ. ಆಂಪ್ ಪ್ಲಗ್ಗಿನ ಮೂರನೇ ಪಿನ್ ಕತ್ತರಿಸಿದ್ರೆ, ಟೂ ಪಿನ್ ಅಡಾಪ್ಟರ್ ಹಾಕಿದ್ರೆ ಹಮ್, ಅಂದ್ರೆ ಆ ಗುಂಯ್ ಸದ್ದು, ಹೋಗುತ್ತೆ ಅಂತ ಯಾರಾದ್ರೂ ಹೇಳಿದ್ರೆ ಕೇಳಲೇಬೇಡಿ.

ಇನ್ನು ಮಾಮೂಲಿ ಹಮ್. ನಮ್ಮ ಕರೆಂಟ್ 50 ಹರ್ಟ್ಜ್, ಆಂಪಲ್ಲಿ ಅದೂ ಅದರ ದುಪ್ಪಟ್ಟು 100 ಹರ್ಟ್ಜೂ ಕೇಳುತ್ತೆ. 6ನೇ ತಂತಿ 3ನೇ ಫ್ರೆಟ್‌ನ ಜಿ ಸ್ವರ 98 ಹರ್ಟ್ಜ್, ಹೆಚ್ಚುಕಮ್ಮಿ ಅದೇ ಗುಂಯ್. ಬೇಕಾದ್ರೆ ಬಾರಿಸಿ ಹೋಲಿಸಿ ನೋಡಿ, ಆಮೇಲೆ ಯಾವ ಸದ್ದು ಕರೆಂಟಿಂದು ಅಂತ ಕಿವೀನೇ ಹೇಳುತ್ತೆ.

ಹುಡುಕೋದು ಹೀಗೆ. ಗಿಟಾರ್ ವಾಲ್ಯೂಮ್ ಸೊನ್ನೆ ಮಾಡಿ. ಹಮ್ ನಿಂತ್ರೆ ಅದು ಗಿಟಾರ್ ಕಡೆಯಿಂದ ಬರ್ತಿದೆ, ನಿಲ್ಲದಿದ್ರೆ ಕೇಬಲ್, ಪೆಡಲ್, ಆಂಪ್, ಕರೆಂಟು ಇವುಗಳಲ್ಲಿ ಒಂದು. ಪೆಡಲ್ ಎಲ್ಲಾ ಬಿಚ್ಚಿ ಗಿಟಾರ್ ಸೀದಾ ಆಂಪ್‌ಗೆ ಹಾಕಿ. ಆಮೇಲೆ ಕೇಬಲ್ ಮಾತ್ರ ಬದಲಾಯಿಸಿ. ಒಂದು ಸಲಕ್ಕೆ ಒಂದೇ ಬದಲಾವಣೆ, ಎರಡು ಒಟ್ಟಿಗೆ ಮಾಡಿದ್ರೆ ಯಾವುದರಿಂದ ಸರಿಹೋಯ್ತು ಅಂತ ಗೊತ್ತಾಗಲ್ಲ.

ಗಿಟಾರ್ ಕಡೆಯಿಂದ ಬರ್ತಿದ್ರೆ ಪಿಕಪ್ ಯಾವ್ದು ನೋಡಿ. ಒಂದೇ ಸುರುಳಿಯ ಸಿಂಗಲ್ ಕಾಯಿಲ್ ಆದ್ರೆ ಹಮ್ ಅದರ ಹುಟ್ಟುಗುಣ. ಎರಡು ಸುರುಳಿ ಸೇರಿಸಿ ಒಂದರ ಹಮ್ಮನ್ನ ಇನ್ನೊಂದು ಹೊಡೆದುಹಾಕೋ ಹಾಗೆ ಮಾಡಿರೋದೇ ಹಂಬಕರ್. ಸ್ಟ್ರಾಟ್ ಥರದ ಬಹಳಷ್ಟು ಗಿಟಾರ್‌ಗಳಲ್ಲಿ ಸ್ವಿಚ್‌ನ 2 ಮತ್ತು 4ನೇ ಸ್ಥಾನದಲ್ಲಿ ಹಮ್ ಇಳಿಯುತ್ತೆ. ಲ್ಯಾಪ್‌ಟಾಪ್, ಎಲ್‌ಇಡಿ ಬಲ್ಬಿನ ಡಿಮ್ಮರ್, ಚಾರ್ಜರ್ ಇವುಗಳಿಂದ ದೂರ ಕೂತು ಗಿಟಾರ್ ಮುಖ ಸ್ವಲ್ಪ ತಿರುಗಿಸಿ, ಒಂದು ಕೋನದಲ್ಲಿ ಸದ್ದು ತಗ್ಗುತ್ತೆ. ತಂತಿ ಮುಟ್ಟಿದಾಗ ಹಮ್ ಕಮ್ಮಿ ಆಗೋದು ಸಹಜ, ಭಯ ಬೇಡ. ಮುಟ್ಟಿದಾಗ ಜಾಸ್ತಿ ಆದ್ರೆ ಒಳಗಿನ ಅರ್ಥ್ ವೈರ್ ಬಿಟ್ಟಿರಬಹುದು. ಕರೆಂಟ್ ಹೋದಾಗ ಮಾತ್ರ ಸದ್ದು ಭಯಂಕರ ಆಗುತ್ತೆ ಅಂದ್ರೆ ನಿಮ್ಮನೆ ಇನ್ವರ್ಟರ್ ಸ್ಕ್ವೇರ್ ವೇವ್‌ದು, ಆ ಹೊತ್ತಲ್ಲಿ ಆಂಪ್ ಇಲ್ದೇನೇ ಪ್ರಾಕ್ಟೀಸ್ ಮಾಡಿ.

ನಾಬ್ ತಿರುಗಿಸಿದಾಗ ಕರಕರ ಅಂದ್ರೆ ಒಳಗೆ ಧೂಳು. ಕಾಂಟ್ಯಾಕ್ಟ್ ಕ್ಲೀನರ್ ಒಂಚೂರು ಹೊಡೆದು ಆ ಕೊನೆಯಿಂದ ಈ ಕೊನೆಗೆ ಹತ್ತಾರು ಸಲ ತಿರುಗಿಸಿ. ಕೇಬಲ್ ಅಲ್ಲಾಡಿದಾಗ ಸದ್ದು ಬಂದು ಹೋಗಿ ಆಗ್ತಿದ್ರೆ ಜ್ಯಾಕ್, ಅಂದ್ರೆ ಗಿಟಾರಲ್ಲಿ ಕೇಬಲ್ ಚುಚ್ಚೋ ತೂತು. ಅದರ ಹೊರಗಿನ ಬೋಲ್ಟ್ ನಟ್ ಸಡಿಲ ಇದ್ರೆ ಬಿಗಿ ಮಾಡುವಾಗ ಒಳಗಿನ ಜ್ಯಾಕ್ ಜೊತೆಗೇ ತಿರುಗಿ ವೈರ್ ಕಿತ್ತು ಬರುತ್ತೆ, ಪ್ಲೇಟ್ ಬಿಚ್ಚಿ ಒಳಗೆ ಹಿಡ್ಕೊಂಡೇ ಬಿಗಿ ಮಾಡಿ.

ಪೆಡಲ್ ಬಗ್ಗೆ ಒಂದೇ ಮಾತು. ಹೆಚ್ಚಿನವು 9 ವೋಲ್ಟ್, ಪಿನ್ನಿನ ಮಧ್ಯ ನೆಗೆಟಿವ್. ಟಿವಿ ಬಾಕ್ಸು, ರೂಟರಿನ ಅಡಾಪ್ಟರ್ ಸಾಮಾನ್ಯವಾಗಿ ಮಧ್ಯ ಪಾಸಿಟಿವ್, ವೋಲ್ಟ್ ಬೇರೆ ಇದ್ರೆ ಇನ್ನೂ ಕಷ್ಟ, ಪೆಡಲ್ ಸುಟ್ಟುಹೋಗಬಹುದು. ಚುಚ್ಚೋ ಮುಂಚೆ ಅಡಾಪ್ಟರ್ ಮೇಲಿನ ಚಿತ್ರ ನೋಡಿ.

6. ಸೌಂಡ್ ಚೆನ್ನಾಗಿಲ್ಲ

ಸೊಳ್ಳೆ ಗುಂಯ್‌ಗುಟ್ಟಿದ ಹಾಗೆ ಡಿಸ್ಟಾರ್ಷನ್ ಬರ್ತಿದ್ರೆ ಬಹುಪಾಲು ಕಾರಣ ಗಿಟಾರ್ ಸ್ಪೀಕರ್ ಇಲ್ಲದೇ ಇರೋದು. ಗಿಟಾರ್ ಆಂಪಿನ ಸ್ಪೀಕರು ಮೇಲಿನ ಚುಚ್ಚೋ ಸದ್ದನ್ನೆಲ್ಲಾ ತಾನೇ ಕತ್ತರಿಸಿಬಿಡುತ್ತೆ, ಹೆಡ್‌ಫೋನು, ಹೋಮ್ ಥಿಯೇಟರ್ ಕತ್ತರಿಸಲ್ಲ. ಲ್ಯಾಪ್‌ಟಾಪಲ್ಲಿ ಬಾರಿಸೋರು ಆಂಪ್ ಪ್ಲಗಿನ್ (ಆಂಪ್ ಥರ ಕೆಲಸ ಮಾಡೋ ಸಾಫ್ಟ್‌ವೇರ್) ಜೊತೆ ಕ್ಯಾಬ್ (ಸ್ಪೀಕರ್ ಪೆಟ್ಟಿಗೆ) ಅಥವಾ ಐಆರ್ ಆನ್ ಮಾಡಿ, ಐಆರ್ ಅಂದ್ರೆ ನಿಜವಾದ ಸ್ಪೀಕರ್ ಪೆಟ್ಟಿಗೆಯ ದನಿ ಹಿಡಿದಿಟ್ಟ ಫೈಲ್. ದುಡ್ಡಿಲ್ಲದೆ ಬೇಕು ಅಂದ್ರೆ ನ್ಯೂರಲ್ ಆಂಪ್ ಮಾಡೆಲರ್ ಅನ್ನೋ ಪ್ಲಗಿನ್ ಇದೆ, ಓಪನ್ ಸೋರ್ಸ್.

ಗಿಟಾರ್‌ನ ಲ್ಯಾಪ್‌ಟಾಪ್ ಮೈಕ್ ತೂತಿಗೆ ಸೀದಾ ಹಾಕ್ಬೇಡಿ, ಮಂಕಾಗಿ ಸತ್ತ ಹಾಗೆ ಕೇಳುತ್ತೆ. ಆಡಿಯೋ ಇಂಟರ್‌ಫೇಸ್ (ಗಿಟಾರ್ ಸದ್ದನ್ನ ಕಂಪ್ಯೂಟರ್‌ಗೆ ಕಳಿಸೋ ಡಬ್ಬಿ) ಬೇಕು, ಅದರಲ್ಲೂ ಇನ್‌ಸ್ಟ್ ಅಥವಾ ಹೈ-ಝೀ ಅಂತ ಬರೆದಿರೋ ಸ್ವಿಚ್ ಒತ್ತಿರ್ಬೇಕು. ಬಾರಿಸಿದ್ದು ತಡವಾಗಿ ಕೇಳಿಸ್ತಿದ್ರೆ ವಿಂಡೋಸ್‌ನಲ್ಲಿ ಎಎಸ್‌ಐಒ ಡ್ರೈವರ್ (ತಡ ಕಮ್ಮಿ ಮಾಡೋ ಆಡಿಯೋ ಸಾಫ್ಟ್‌ವೇರ್) ಆರಿಸಿ ಬಫರ್ ಇಳಿಸಿ. ಬಫರ್ ಅಂದ್ರೆ ಕಂಪ್ಯೂಟರ್ ಒಂದು ಸಲಕ್ಕೆ ತುಂಬಿಸ್ಕೊಳ್ಳೋ ಸದ್ದಿನ ಗಾತ್ರ, 48 ಸಾವಿರ ಹರ್ಟ್ಜ್ ರೇಟಲ್ಲಿ 128 ಅಂದ್ರೆ ಸುಮಾರು 2.7 ಮಿಲಿಸೆಕೆಂಡ್, 512 ಅಂದ್ರೆ ಸುಮಾರು 10.7, ಹೋಗ್ತಾ ಬರ್ತಾ ಎರಡೂ ಕಡೆ ಸೇರಿಸಿದ್ರೆ ಕೈಗೆ ಗೊತ್ತಾಗುತ್ತೆ. ಒಂದು ಕ್ಲೀನ್ ಒಂದು ಡಿಸ್ಟಾರ್ಷನ್ ಅಂತ ಎರಡೆರಡು ಗಿಟಾರ್ ಕೇಳಿದ್ರೆ ಇಂಟರ್‌ಫೇಸಿನ ಡೈರೆಕ್ಟ್ ಮಾನಿಟರ್ ಆಫ್ ಮಾಡಿ. ಬ್ಲೂಟೂತ್ ಹೆಡ್‌ಫೋನಲ್ಲಿ ಲೈವ್ ಬಾರಿಸೋ ಆಸೆ ಬಿಟ್ಬಿಡಿ, ತಡ ಇದ್ದೇ ಇರುತ್ತೆ, ತಾಳ ಕೆಡುತ್ತೆ.

ಆಂಪ್ ಇರೋರು ಗೇನ್ (ಡಿಸ್ಟಾರ್ಷನ್ ಎಷ್ಟಿರ್ಬೇಕು ಅಂತ ಹೇಳೋ ನಾಬ್) ಅರ್ಧಕ್ಕಿಳಿಸಿ, ಮಿಡ್ (ಮಧ್ಯದ ದನಿ) ಸ್ವಲ್ಪ ಏರಿಸಿ. ರೂಮಲ್ಲಿ ಒಬ್ರೇ ಸಣ್ಣ ದನೀಲಿ ಬಾರಿಸುವಾಗ ಬಾಸ್, ಟ್ರೆಬಲ್ ಜಾಸ್ತಿ ಇದ್ರೆ ಕಿವಿಗೆ ಹಿತ, ಡ್ರಮ್ಸ್ ಬಾಸ್ ಜೊತೆ ಸೇರಿದಾಗ ಆ ಸೌಂಡ್ ಎಲ್ಲಿ ಹೋಯ್ತು ಅಂತ ಹುಡುಕ್ಬೇಕು. ಗೇನ್ ಜಾಸ್ತಿ ಇಟ್ಕೊಂಡ್ರೆ ತಪ್ಪೆಲ್ಲಾ ಮುಚ್ಚಿಹೋಗುತ್ತೆ ಅಂತ ಬಹಳ ಜನ ಅಂದ್ಕೊಂಡಿದಾರೆ. ಸ್ವರದ ತಪ್ಪು ಮುಚ್ಚುತ್ತೆ ನಿಜ, ಗದ್ದಲ ಮಾತ್ರ ನಾಲ್ಕರಷ್ಟಾಗುತ್ತೆ, ಮುಂದಿನ ಹಂತ ಅದರದ್ದೇ.

7. ಕೈ

ಒತ್ತಡ. ಅಕೌಸ್ಟಿಕ್‌ನಿಂದ ಬಂದೋರಿಗೆ ಹಿಂಡೋ ಚಾಳಿ ಇರುತ್ತೆ. ಒಂದು ಸ್ವರದ ಮೇಲೆ ಬೆರಳು ಸುಮ್ನೆ ಇಟ್ಟು ಮೀಟ್ತಾ ಇರಿ, ಮೆಲ್ಲಗೆ ಒತ್ತುತ್ತಾ ಬನ್ನಿ, "ಟಕ್ ಟಕ್" ಅಂತಿದ್ದಿದ್ದು ಸ್ವರ ಆಗೋ ಕ್ಷಣಕ್ಕೆ ನಿಲ್ಲಿಸಿ. ಬೇಕಾಗೋದು ಅಷ್ಟೇ. ಬೆರಳು ಫ್ರೆಟ್‌ಗೆ ಅಂಟಿದ ಹಾಗೆ ಅದರ ಹಿಂದೇನೇ ಇದ್ರೆ ಇನ್ನೂ ಕಮ್ಮಿ ಸಾಕು.

ಮ್ಯೂಟಿಂಗ್, ಅಂದ್ರೆ ಬಾರಿಸದ ತಂತೀನ ಬಾಯಿ ಮುಚ್ಚಿಸೋದು. ಎಲೆಕ್ಟ್ರಿಕ್‌ನಲ್ಲಿ ಅರ್ಧ ವಿದ್ಯೆ ಇದೇ, ತಾವಾಗೇ ಕಲಿತೋರಲ್ಲಿ ಹೆಚ್ಚಿನವರಿಗೆ ಇಲ್ಲದೇ ಇರೋದೂ ಇದೇ, ಯಾಕಂದ್ರೆ ವಿಡಿಯೋದಲ್ಲಿ ಕಣ್ಣಿಗೆ ಕಾಣಲ್ಲ. 3ನೇ ತಂತಿ 7ನೇ ಫ್ರೆಟ್ ತೋರುಬೆರಳಲ್ಲಿ ಒತ್ತಿ. ಬೆರಳಿನ ತುತ್ತತುದಿ 4ನೇ ತಂತಿ ಪಕ್ಕಕ್ಕೆ ಚೂರು ತಾಗ್ತಿರ್ಲಿ, ಒತ್ತಬಾರದು. ಅದೇ ಬೆರಳಿನ ಒಳಭಾಗ ಸ್ವಲ್ಪ ಚಪ್ಪಟೆಯಾಗಿ 2 ಮತ್ತು 1ನೇ ತಂತಿ ಮೇಲೆ ಒರಗಿರ್ಲಿ. ಬಲ ಅಂಗೈನ ಕಿರುಬೆರಳ ಕಡೆಯ ಅಂಚು 6, 5ನೇ ತಂತಿ ಮೇಲೆ ಬ್ರಿಡ್ಜ್ ಹತ್ರ ಕೂರ್ಲಿ. ಈಗ ಆರೂ ತಂತಿ ಮೇಲೆ ಪಿಕ್ (ತಂತಿ ಮೀಟೋ ಪುಟ್ಟ ಬಿಲ್ಲೆ) ಜೋರಾಗಿ ಎಳೀರಿ. ಒಂದೇ ಸ್ವರ ಕೇಳಿದ್ರೆ ಗೆದ್ರಿ. ಬೇರೆ ಏನಾದ್ರೂ ಕೇಳಿದ್ರೆ ಯಾವ ತಂತಿ ಅಂತ ಹುಡುಕಿ ಅದನ್ನ ಯಾವ ಕೈ ಹಿಡೀಬೇಕಿತ್ತು ನೋಡಿ. ಇದನ್ನ ಮೊದ್ಲು ಕ್ಲೀನಲ್ಲಿ, ಆಮೇಲೆ ಗೇನ್ ಏರಿಸ್ತಾ ಮಾಡಿ. ನಾಯ್ಸ್ ಗೇಟ್ ಅನ್ನೋ ಪೆಡಲ್ ಇದೆ, ನೀವು ಬಾರಿಸದೇ ಇದ್ದಾಗ ಸದ್ದು ಬಂದ್ ಮಾಡುತ್ತೆ, ಆದ್ರೆ ಬಾರಿಸುವಾಗ ಪಕ್ಕದ ತಂತಿ ಅರಚೋದನ್ನ ಅದು ನಿಲ್ಲಿಸಲ್ಲ.

ಬೆಂಡಿಂಗ್. ತಂತಿ ತಳ್ಳಿ ಸ್ವರ ಏರಿಸೋದು. ಒಂದೇ ಬೆರಳಲ್ಲಿ ತಳ್ಳಿದ್ರೆ ಸ್ವರ ಅರ್ಧ ದಾರೀಲಿ ನಿಲ್ಲುತ್ತೆ. ಉಂಗುರಬೆರಳಲ್ಲಿ ಒತ್ತಿ ಅದರ ಹಿಂದೆ ಮಧ್ಯದ ಬೆರಳು, ತೋರುಬೆರಳು ಎರಡನ್ನೂ ಆಸರೆ ಕೊಡಿ, ಹೆಬ್ಬೆರಳು ನೆಕ್ ಮೇಲಕ್ಕೆ ಬರ್ಲಿ, ಬೆರಳನ್ನ ಚಾಚೋದಲ್ಲ, ಬೀಗದಕೈ ತಿರುಗಿಸಿದ ಹಾಗೆ ಮಣಿಕಟ್ಟು ತಿರುಗ್ಬೇಕು. 3ನೇ ತಂತಿ 9ನೇ ಫ್ರೆಟ್ ಬಾರಿಸಿ ಕಿವೀಲಿ ಇಟ್ಕೊಳಿ, ಆಮೇಲೆ 7ರಿಂದ ಬೆಂಡ್ ಮಾಡಿ ಅಲ್ಲಿಗೇ ಮುಟ್ಟಿಸಿ. ಸಂಗೀತ ಕಲಿತೋರಿಗೆ ಸುಲಭವಾಗಿ ಹೇಳೋದಾದ್ರೆ ಇದು ಷಡ್ಜದಿಂದ ಚತುಶ್ರುತಿ ರಿಷಭ, ಅರ್ಧ ಬೆಂಡ್ ಅಂದ್ರೆ ಶುದ್ಧ ರಿಷಭ. ಬಾಯಲ್ಲಿ ಹಾಡಿಕೊಂಡೇ ಬೆಂಡ್ ಮಾಡಿದ್ರೆ ಟ್ಯೂನರ್ ಬೇಕಾಗಲ್ಲ.

ಪಿಕ್ ಕೈ. ಪಿಕ್ ತಂತೀಲಿ ಸಿಕ್ಕಿಹಾಕ್ಕೊಳ್ತಿದ್ರೆ ತುದಿ ಜಾಸ್ತಿ ಹೊರಗಿದೆ ಅಥವಾ ಜಾಸ್ತಿ ಆಳಕ್ಕೆ ಹೋಗ್ತಿದೆ. ಕೆಲವೇ ಮಿಲಿಮೀಟರ್ ಹೊರಗಿಟ್ಟು, ಸ್ವಲ್ಪ ಓರೆ ಹಿಡೀರಿ. ಬಳುಕೋ ತೆಳು ಪಿಕ್ ಬಿಟ್ಟು 0.73 ಅಥವಾ 1 ಮಿ.ಮೀ. ಪ್ರಯತ್ನಿಸಿ. ಮೇಲೆ-ಕೆಳಗೆ-ಮೇಲೆ-ಕೆಳಗೆ ಬಿಡದೆ ಹೋಗೋದನ್ನ ಆಲ್ಟರ್ನೇಟ್ ಪಿಕಿಂಗ್ ಅಂತಾರೆ, ತಂತಿ ಬದಲಾಗೋ ಕಡೇನೇ ಅದು ಒಡೆಯೋದು. ಹಾಗಾಗಿ ಪೂರ್ತಿ ಸ್ಕೇಲ್ ಓಡಿಸೋ ಬದ್ಲು ತಂತಿ ದಾಟೋ ಆ ಎರಡು ಸ್ವರ ಮಾತ್ರ ತಗೊಂಡು ತಿದ್ದಿ.

ಲಯ. ಮೆಟ್ರೋನೋಮ್ 60ಕ್ಕಿಟ್ಟು ಪ್ರತಿ ಟಿಕ್‌ಗೆ ಬಾಯಲ್ಲಿ "ತಕದಿಮಿ" ಹೇಳ್ತಾ ನಾಲ್ಕು ಸಲ ಮೀಟಿ, ಟ್ರಿಪ್ಲೆಟ್, ಅಂದ್ರೆ ಒಂದು ತಟ್ಟಿಗೆ ಮೂರು, ಬೇಕಾದಾಗ "ತಕಿಟ". ಹೀಗೆ ಬಾಯಲ್ಲಿ ತಾಳದ ಸೊಲ್ಲು ಹೇಳೋ ಕೊನ್ನಕ್ಕೋಲು ಗಿಟಾರಿಗೆ ಹೊಸದೇನಲ್ಲ, ಶಕ್ತಿ ಬ್ಯಾಂಡಿನ ಗಿಟಾರಿಸ್ಟ್ ಜಾನ್ ಮೆಕ್‌ಲಾಫ್ಲಿನ್ ಅದನ್ನ ಕಲಿತು ಕಲಿಸಿದೋರು. ತಪ್ಪಿಲ್ಲದೆ ಬಂದ್ಮೇಲೆ 4 ಏರಿಸಿ, ತಪ್ಪಿದ್ರೆ 8 ಇಳಿಸಿ. ಫೋನಲ್ಲಿ ರೆಕಾರ್ಡ್ ಮಾಡಿ ಮಾರನೇ ದಿನ ಕೇಳಿ, ಬಾರಿಸುವಾಗ ಸರಿ ಅನಿಸಿದ್ದು ಆಗ ಬೇರೆ ಥರ ಕೇಳುತ್ತೆ.

ನೋವು. ಬೆರಳತುದಿ ಉರಿ ಮಾಮೂಲು, ಚರ್ಮ ಗಟ್ಟಿಯಾದ್ಮೇಲೆ ಹೋಗುತ್ತೆ. ಮಣಿಕಟ್ಟು, ಮೊಣಕೈ, ಹೆಬ್ಬೆರಳ ಬುಡ ನೋಯ್ತಿದ್ರೆ ಅವತ್ತಿಗೆ ನಿಲ್ಲಿಸಿ. ಜೋಮು ಹಿಡಿಯೋದು, ರಾತ್ರಿ ನೋವು ಬರೋದು ಆದ್ರೆ ಡಾಕ್ಟರ್‌ಗೆ ತೋರಿಸಿ. ನಿಂತು ಬಾರಿಸುವಾಗ ಮಾತ್ರ ನೋವು ಬರುತ್ತೆ ಅನ್ನೋರು ಭುಜದ ಪಟ್ಟಿ ಗಿಡ್ಡ ಮಾಡಿ, ಕೂತಾಗ ಗಿಟಾರ್ ಎಲ್ಲಿರುತ್ತೋ ನಿಂತಾಗಲೂ ಅಲ್ಲೇ ಇರ್ಬೇಕು, ಮೊಣಕಾಲ ಹತ್ರ ನೇತಾಡಿಸ್ಕೊಳ್ಳೋದು ಫೋಟೋಗೆ ಚೆಂದ ಅಷ್ಟೇ.

8. ರಿಪೇರಿಗೆ ಕೊಡುವಾಗ

ನಟ್ ಕೊರೆಯೋದು, ಎದ್ದ ಫ್ರೆಟ್ ಮಟ್ಟ ಮಾಡೋದು, ತಿರುಗದ ಟ್ರಸ್ ರಾಡ್ – ಈ ಮೂರಕ್ಕೆ ಗಿಟಾರ್ ರಿಪೇರಿಯವರ ಹತ್ರಾನೇ ಹೋಗಿ. "ಸೆಟಪ್ ಮಾಡಿಕೊಡಿ" ಅಂತಷ್ಟೇ ಹೇಳಿದ್ರೆ ಕೆಲವರು ಒರೆಸಿ ತಂತಿ ಹಾಕಿ ಕೊಡ್ತಾರೆ. "3ನೇ ತಂತಿ 9ನೇ ಫ್ರೆಟ್ ಬಝ್ ಬರ್ತಿದೆ, ರಿಲೀಫ್ 0.25 ಇದೆ, ನಟ್ ಎತ್ತರ ಜಾಸ್ತಿ ಇದೆ, ನಾನು ಹಾಕೋದು ನೈನ್ಸ್" ಅಂತ ಚೀಟೀಲಿ ಬರೆದು ಕೊಡಿ. ನೀವು ಹಾಕೋ ದಪ್ಪದ ತಂತಿಯ ಹೊಸ ಸೆಟ್ ನೀವೇ ತಗೊಂಡು ಹೋಗಿ, ಬೇರೆ ದಪ್ಪದ ತಂತೀಲಿ ಸೆಟಪ್ ಮಾಡಿದ್ರೆ ಮನೇಲಿ ತಂತಿ ಬದಲಾಯಿಸಿದ ದಿನ ಎಲ್ಲಾ ಮತ್ತೆ ಅಲ್ಲಾಡುತ್ತೆ. ಕೊಡೋ ಮುಂಚೆ ಹೆಡ್‌ಸ್ಟಾಕ್ ಹಿಂದಿನ ಸೀರಿಯಲ್ ನಂಬರು, ಪಿಕಪ್, ಗೀರುಗಳ ಫೋಟೋ ತೆಗೆದಿಟ್ಕೊಳಿ. ವಾಪಸ್ ತಗೊಳ್ಳುವಾಗ ಅಲ್ಲೇ ಕೂತು ಆರೂ ತಂತೀನ ಎಲ್ಲಾ ಫ್ರೆಟ್‌ನಲ್ಲೂ ಒಂದೊಂದಾಗಿ ಬಾರಿಸಿ ನೋಡಿ, ಆಂಪ್‌ಗೆ ಹಾಕಿ ನಾಬ್ ಎಲ್ಲಾ ತಿರುಗಿಸಿ, ಆಮೇಲೆ ದುಡ್ಡು ಕೊಡಿ.